ಹಳ್ಳಿ ಮನೆಗಳಲ್ಲಿ ರೋಗ ಹರಡುವ ಕೀಟಗಳ ಲೆಕ್ಕ: ಬದಲಾವಣೆಯನ್ನು ಹಿಡಿಯುವ ವಿಧಾನ

‘ಈ ಸಲ ಸೊಳ್ಳೆ ಜಾಸ್ತಿ’ ಎಂಬ ಮಾತು ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ. ಅದು ನಿಜವೋ ಅಲ್ಲವೋ ಎಂದು ಹೇಳಬೇಕಾದರೆ ಹೋದ ವರ್ಷ ಇದೇ ತಿಂಗಳಲ್ಲಿ, ಇದೇ ಮನೆಗಳಲ್ಲಿ, ಇದೇ ರೀತಿ ಹುಡುಕಿ ಬರೆದಿಟ್ಟ ಲೆಕ್ಕ ಬೇಕು. ಅಂಥ ಲೆಕ್ಕ ಇಲ್ಲದ ಕಡೆ ಹೊಸ ಕೀಟ ಬಂದು ನೆಲೆಸಿದ ಸುದ್ದಿ ತಿಳಿಯುವುದು ಜನ ಕಾಯಿಲೆ ಬಿದ್ದ ಮೇಲೆಯೇ. ದಕ್ಷಿಣ ಏಷ್ಯಾದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಆಫ್ರಿಕಾದ ಜಿಬೂಟಿಯಲ್ಲಿ ಮೊದಲು ಕಂಡದ್ದು 2012ರಲ್ಲಿ. ಆ ವರ್ಷ ಅಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಕೇವಲ 27. 2020ರಲ್ಲಿ 73 ಸಾವಿರ ದಾಟಿದವು. ಮಲೇರಿಯಾ ಸೊಳ್ಳೆ ಎಂದರೆ ಹೊಂಡ, ಗದ್ದೆ, ತೊರೆಯಂಚಿನಲ್ಲಿ ಹುಟ್ಟುವಂಥದ್ದು ಎಂದು ನಂಬಿಕೊಂಡಿದ್ದ ಕಡೆ, ಇದು ಮನೆಯ ನೀರಿನ ತೊಟ್ಟಿಯಲ್ಲೇ ಹುಟ್ಟುತ್ತಿತ್ತು. ಹುಡುಕಾಟವೆಲ್ಲ ಬೇರೆ ಕಡೆ ನಡೆದಿದ್ದರೆ ಕಣ್ಣಿಗೆ ಬೀಳುವುದಾದರೂ ಹೇಗೆ?

ಬದಲಾವಣೆಯಲ್ಲಿ ಎರಡು ಬಗೆ ಇದೆ, ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಒಂದು, ಹಿಂದೆ ಇಲ್ಲದ ಜಾತಿ ಬರುವುದು ಅಥವಾ ಇದ್ದದ್ದು ಹೋಗುವುದು. ಇನ್ನೊಂದು, ಇದ್ದ ಜಾತಿಯೇ ನಡವಳಿಕೆ ಬದಲಿಸುವುದು: ಗೋಡೆಯ ಮೇಲೆ ಕೂರುತ್ತಿದ್ದದ್ದು ಹೊರಗೆ ಪೊದೆಗೆ ಹೋಗುವುದು, ಮಧ್ಯರಾತ್ರಿ ಕಚ್ಚುತ್ತಿದ್ದದ್ದು ಸಂಜೆಗೇ ಕಚ್ಚುವುದು. ಎರಡನೆಯದು ಹೆಚ್ಚು ಮೋಸಗೊಳಿಸುತ್ತದೆ. ಮನೆಯೊಳಗೆ ಎಣಿಸಿದ ಸಂಖ್ಯೆ ಇಳಿದಿದೆ ಎಂದಾಕ್ಷಣ ಕೀಟ ಕಡಿಮೆಯಾಯಿತು ಎಂದರ್ಥವಲ್ಲ.

ಮನೆಗಳನ್ನು ಆರಿಸುವುದು

ಒಂದು ಊರಿಗೆ 20ರಿಂದ 30 ಮನೆ ಸಾಕು, ಆದರೆ ಅವು ಸ್ಥಿರವಾಗಿರಬೇಕು. ಊರಿನ ನಕ್ಷೆಯನ್ನು ಕೈಯಲ್ಲೇ ಬರೆದು ನಾಲ್ಕು ಭಾಗ ಮಾಡಿ: ನೀರಿನ ಪಕ್ಕದವು, ಕಾಡು ಅಥವಾ ಹೊಲದ ಅಂಚಿನವು, ದನದ ಕೊಟ್ಟಿಗೆ ಅಂಟಿಕೊಂಡವು, ಊರ ನಡುವಿನವು. ಪ್ರತಿ ಭಾಗದಿಂದ ಚೀಟಿ ಎತ್ತಿ ಮನೆ ಆರಿಸಿ. ಬಾಗಿಲು ಸುಲಭವಾಗಿ ತೆರೆಯುವ, ಪರಿಚಯದ ಮನೆಗಳನ್ನೇ ಆರಿಸಿಕೊಂಡರೆ ಲೆಕ್ಕ ಮೊದಲ ದಿನವೇ ಕೆಡುತ್ತದೆ. ಸಾಮಾನ್ಯವಾಗಿ ಅವು ರಸ್ತೆ ಬದಿಯ ಗಟ್ಟಿ ಮನೆಗಳೇ ಆಗಿರುತ್ತವೆ. ಗುಡ್ಡದ ಊರಾದರೆ ಪ್ರತಿ 100 ಮೀಟರ್ ಎತ್ತರಕ್ಕೆ ಒಂದೆರಡು ಮನೆ ಸೇರಿಸಿ. ಮಲೇರಿಯಾದ ಫಾಲ್ಸಿಪಾರಮ್ ಪರಾವಲಂಬಿ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ, ವೈವಾಕ್ಸ್ ಸುಮಾರು 16 ಡಿಗ್ರಿಗಿಂತ ತಂಪಿನಲ್ಲಿ ಸೊಳ್ಳೆಯೊಳಗೆ ಬೆಳೆಯಲಾರದು. ಹಾಗಾಗಿ ಇಳಿಜಾರಿನ ಮೇಲ್ಭಾಗದ ಮನೆಗಳಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೂ ಬೆಲೆಯಿದೆ. ಮಲಗುವ ಕೋಣೆಯಲ್ಲಿ ಗರಿಷ್ಠ-ಕನಿಷ್ಠ ತಾಪಮಾಪಕ ನೇತುಹಾಕಿ. ದೂರದ ಹವಾಮಾನ ಕೇಂದ್ರದ ಅಂಕಿ ಹುಲ್ಲಿನ ಸೂರಿನ ಕೆಳಗೆ ಏನಾಗುತ್ತಿದೆ ಎಂದು ಹೇಳುವುದಿಲ್ಲ.

ಪ್ರತಿ ತಿಂಗಳು ಒಂದೇ ವಾರದಲ್ಲಿ ಹೋಗಿ. ಮನೆ ಮುಚ್ಚಿದ್ದರೆ ‘ಮುಚ್ಚಿತ್ತು’ ಎಂದು ಬರೆಯಿರಿ, ‘ಸೊನ್ನೆ’ ಎಂದಲ್ಲ. ಹುಡುಕಿಯೂ ಸಿಗದಿದ್ದರೆ ಕಡ್ಡಾಯವಾಗಿ ಸೊನ್ನೆ ಬರೆಯಿರಿ. ಮುಂದೊಂದು ದಿನ ಹೊಸ ಜಾತಿ ಸಿಕ್ಕಾಗ ‘ಇದು ಹೊಸದು’ ಎಂದು ಧೈರ್ಯವಾಗಿ ಹೇಳಲು ಆಧಾರವಾಗುವುದು ಹಿಂದಿನ ಆ ಸೊನ್ನೆಗಳೇ. ಖಾಲಿ ಬಿಟ್ಟ ಅಂಕಣ ಯಾವುದಕ್ಕೂ ಸಾಕ್ಷಿಯಾಗದು.

ಮನೆಯೊಳಗಿನ ಸೊಳ್ಳೆ

ಬೇಕಾದ ಸಾಮಾನು ಕಡಿಮೆ: ಒಳ್ಳೆಯ ಟಾರ್ಚು, ಹೀರುಕೊಳವೆ, ಮೇಲೆ ಬಲೆ ಕಟ್ಟಿದ ಕಾಗದದ ಲೋಟಗಳು, ಹತ್ತಿ, ಪೆನ್ಸಿಲ್, ಗಡಿಯಾರ. ಹೀರುಕೊಳವೆ ಎಂದರೆ ಸುಮಾರು 30–45 ಸೆಂಟಿಮೀಟರ್ ಉದ್ದದ, ಒಳವ್ಯಾಸ 8–12 ಮಿಲಿಮೀಟರ್ ಇರುವ ಪಾರದರ್ಶಕ ಕೊಳವೆ. ಒಂದು ತುದಿಗೆ ನವುರಾದ ಬಲೆ ಇಟ್ಟು, ಅರ್ಧ ಮೀಟರ್ ರಬ್ಬರ್ ನಳಿಗೆ ಜೋಡಿಸಿದ್ದು. ಬಲೆ ಹರಿದಿದೆಯೇ ಎಂದು ಪ್ರತಿದಿನ ನೋಡಿ, ಬಾಯಿಗಿಡುವ ಕಡೆ ಫಿಲ್ಟರ್ ಹಾಕಿ. ಬರಿ ಬಾಯಲ್ಲಿ ಹೀರಿದರೆ ಸೊಳ್ಳೆಯ ಹುರುಪೆ ಮತ್ತು ಗೋಡೆಯ ದೂಳು ಶ್ವಾಸಕೋಶ ಸೇರುತ್ತವೆ.

ಬೆಳಿಗ್ಗೆ 6ರಿಂದ 8ರೊಳಗೆ ಶುರುಮಾಡಿ. ಬಿಸಿಲೇರಿ ಒಲೆ ಹೊತ್ತಿದ ಮೇಲೆ ಸೊಳ್ಳೆ ಹೊರಗೆ ಹೋಗಿರುತ್ತದೆ. ಒಂದು ಮಲಗುವ ಕೋಣೆಗೆ ಒಬ್ಬರು, 15 ನಿಮಿಷ. ಬಾಗಿಲ ಹತ್ತಿರದಿಂದ ಆರಂಭಿಸಿ ಗೋಡೆ ಹಿಡಿದುಕೊಂಡು ಸುತ್ತುಬನ್ನಿ: ಮೊದಲು ಗೋಡೆಯ ಕೆಳಭಾಗ, ಆಮೇಲೆ ಮೇಲ್ಭಾಗ, ಸೂರು, ನೇತುಹಾಕಿದ ಬಟ್ಟೆ, ಮಂಚದಡಿ, ಮೂಟೆಗಳ ಹಿಂದೆ. ಐದಾರು ಸೊಳ್ಳೆಯಾದ ಕೂಡಲೇ ಲೋಟಕ್ಕೆ ಬಿಡಿ. ಕೊಳವೆಯಲ್ಲೇ ತುಂಬಿಕೊಂಡರೆ ಕಾಲು, ಹುರುಪೆ ಉದುರಿ ಗುರುತು ಹಿಡಿಯಲು ಬರುವುದಿಲ್ಲ. 15 ನಿಮಿಷಕ್ಕೆ ಮುಂಚೆಯೇ ‘ಇನ್ನೇನೂ ಇಲ್ಲ’ ಅನಿಸಿದರೂ ನಿಲ್ಲಿಸಬೇಡಿ, ಸಮಯ ಮೀರಿ ಕಣ್ಣಿಗೆ ಬಿದ್ದದ್ದನ್ನು ಎಣಿಕೆಗೆ ಸೇರಿಸಬೇಡಿ.

ಲೆಕ್ಕವನ್ನು ‘ಒಬ್ಬರ ಒಂದು ಗಂಟೆಗೆ ಎಷ್ಟು’ ಎಂದು ಬರೆಯುವುದು ವಾಡಿಕೆ. ಒಬ್ಬರೇ 6 ಕೋಣೆಗಳಲ್ಲಿ ತಲಾ 15 ನಿಮಿಷ ಹುಡುಕಿದರೆ ಒಟ್ಟು ಒಂದೂವರೆ ಗಂಟೆ. 24 ಸೊಳ್ಳೆ ಸಿಕ್ಕಿದ್ದರೆ ಗಂಟೆಗೆ 16. ಹುಡುಕಿದ ಸಮಯ ಬರೆಯದೆ ಬರೀ 24 ಎಂದಿಟ್ಟರೆ ಮುಂದಿನ ವರ್ಷಕ್ಕೆ ಅದರಿಂದ ಉಪಯೋಗವಿಲ್ಲ.

ಕೂಡುವ ಭಂಗಿಯೇ ಮೊದಲ ಗುರುತು. ಅನಾಫಿಲಿಸ್ ಬಾಲ ಎತ್ತಿ ಗೋಡೆಗೆ ಓರೆಯಾಗಿ ಕೂರುತ್ತದೆ, ಮುಳ್ಳು ಚುಚ್ಚಿಟ್ಟ ಹಾಗೆ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಮತ್ತು ಡೆಂಗಿ ಹರಡುವ ಈಡಿಸ್ ಗೋಡೆಗೆ ಸಮಾನಾಂತರವಾಗಿ, ಬೆನ್ನು ಗೂನಾಗಿ ಕೂರುತ್ತವೆ. ಹೆಣ್ಣು ಅನಾಫಿಲಿಸ್‌ನ ಸ್ಪರ್ಶಾಂಗಗಳು ಸೊಂಡಿಲಿನಷ್ಟೇ ಉದ್ದ. ಸ್ಟೀಫೆನ್ಸಿಯಾದರೆ ಆ ಸ್ಪರ್ಶಾಂಗಗಳ ಮೇಲೆ ಬಿಳಿ ಚುಕ್ಕೆ ಚಿಮುಕಿಸಿದಂತೆ ಇದ್ದು, ತುದಿಯಲ್ಲಿ ಎರಡು ಅಗಲವಾದ ಬಿಳಿ ಪಟ್ಟಿ ಕಾಣುತ್ತವೆ; ಕಾಲುಗಳಲ್ಲೂ ಚುಕ್ಕೆ. ಈಡಿಸ್ ಈಜಿಪ್ಟಿಯ ಎದೆಯ ಮೇಲೆ ವೀಣೆಯಾಕಾರದ ಬಿಳಿ ಗೆರೆ, ಅದೇ ಗುಂಪಿನ ಈಡಿಸ್ ಆಲ್ಬೊಪಿಕ್ಟಸ್‌ಗೆ ನಡುವೆ ನೇರವಾದ ಒಂದೇ ಬಿಳಿ ಗೆರೆ. ಬರಿಗಣ್ಣಿನ ಗುರುತನ್ನು ಯಾವತ್ತೂ ಕೊನೆಯದೆಂದು ನಂಬಬೇಡಿ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಜೊತೆಗಿರಲಿ.

ಹೊಟ್ಟೆ ನೋಡುವುದನ್ನು ಮರೆಯಬೇಡಿ

ಈ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾಹಿತಿ ಇದು, ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಹೆಣ್ಣು ಸೊಳ್ಳೆಗಳನ್ನು ನಾಲ್ಕು ಗುಂಪು ಮಾಡಿ: ಖಾಲಿ ಹೊಟ್ಟೆ; ಈಗಷ್ಟೇ ರಕ್ತ ಕುಡಿದದ್ದು (ಹೊಟ್ಟೆ ಕಡುಕೆಂಪು); ಅರ್ಧ ಬಸುರಿ (ಮುಂದೆ ಕಪ್ಪು ರಕ್ತ, ಹಿಂದೆ ಬಿಳಿ ಮೊಟ್ಟೆ); ತುಂಬು ಬಸುರಿ (ಪೂರ್ತಿ ಬಿಳಿ). ಬೆಚ್ಚನೆಯ ವಾತಾವರಣದಲ್ಲಿ ರಕ್ತ ಕುಡಿದ ಸೊಳ್ಳೆ ತುಂಬು ಬಸುರಿಯಾಗಲು ಸುಮಾರು ಎರಡು ದಿನ ಬೇಕು. ಅಷ್ಟೂ ಹೊತ್ತು ಮನೆಯೊಳಗೇ ಕೂತಿದ್ದರೆ, ಕೆಂಪು ಹೊಟ್ಟೆಯವು ಎಷ್ಟು ಸಿಗುತ್ತವೋ ಬಿಳಿ ಹೊಟ್ಟೆಯವು (ಅರ್ಧ ಮತ್ತು ತುಂಬು ಸೇರಿ) ಹೆಚ್ಚುಕಡಿಮೆ ಅಷ್ಟೇ ಸಿಗಬೇಕು.

ಕೆಂಪು ಹೊಟ್ಟೆಯವು 40, ಬಿಳಿಯವು 5 ಸಿಕ್ಕವೆನ್ನಿ. ಅಂದರೆ ಒಳಗೆ ಬಂದು ಕಚ್ಚಿ ಹೊರಗೆ ಹೋಗಿ ಕೂರುತ್ತಿವೆ. ಗೋಡೆಗೆ ಸಿಂಪಡಿಸಿದ ಔಷಧ ಅವುಗಳಿಗೆ ತಾಗುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, ಬಿಳಿಯವು ಹೆಚ್ಚಿದ್ದು ಕೆಂಪು ವಿರಳವಾದರೆ, ಕೊಟ್ಟಿಗೆಯಲ್ಲೋ ಅಂಗಳದಲ್ಲೋ ಕುಡಿದು ಮಲಗಲು ಮಾತ್ರ ಒಳಗೆ ಬರುತ್ತಿವೆ. ಕುಡಿದದ್ದು ಮನುಷ್ಯನ ರಕ್ತವೋ ದನದ್ದೋ ಎಂದು ತಿಳಿಯಲು ಕೆಂಪು ಹೊಟ್ಟೆಯನ್ನು ಶೋಧಕ ಕಾಗದದ ಮೇಲೆ ಒತ್ತಿ, ಒಣಗಿಸಿ, ಸಂಖ್ಯೆ ಬರೆದು ಪ್ರಯೋಗಾಲಯಕ್ಕೆ ಕಳಿಸಬಹುದು. ಈ ಅನುಪಾತ ಮೂರ್ನಾಲ್ಕು ತಿಂಗಳು ಒಂದೇ ಕಡೆಗೆ ಜಾರುತ್ತಾ ಹೋದರೆ ನಡವಳಿಕೆ ಬದಲಾಗುತ್ತಿದೆ ಎಂಬ ಬಲವಾದ ಸೂಚನೆ. ಸಿಂಪಡಣೆಯಾದ ಹೊಸದರಲ್ಲಿ ಮಾತ್ರ ಎಚ್ಚರ: ಕೆಲವು ಕೀಟನಾಶಕಗಳು ಸೊಳ್ಳೆಗೆ ಕಿರಿಕಿರಿ ಮಾಡಿ ಹೊರದಬ್ಬುತ್ತವೆ, ಅನುಪಾತ ತಾತ್ಕಾಲಿಕವಾಗಿ ಏರುಪೇರಾಗುತ್ತದೆ.

ಕೈಯಿಂದ ಹಿಡಿಯಲಾಗದಷ್ಟು ಸಾಮಾನು ತುಂಬಿದ ಕೋಣೆಯಲ್ಲಿ ಪೈರೆಥ್ರಮ್ ಎಂಬ ಕೀಟನಾಶಕ ಸಿಂಪಡಿಸಿ ಸೊಳ್ಳೆ ಬೀಳಿಸುವ ಕ್ರಮವಿದೆ. 2 ಶೇಕಡಾ ಪೈರೆಥ್ರಮ್ ಸಾರದ 1 ಪಾಲಿಗೆ 19 ಪಾಲು ಸೀಮೆಎಣ್ಣೆ ಸೇರಿಸಿದರೆ 0.1 ಶೇಕಡಾ ಆಗುತ್ತದೆ. ಒಲೆ, ದೀಪ ಆರಿಸಿ. ಜನ, ಪ್ರಾಣಿ, ಆಹಾರ, ನೀರು ಎಲ್ಲವನ್ನೂ ಹೊರಗಿಟ್ಟು, ನೆಲಕ್ಕೂ ಮಂಚಕ್ಕೂ ಬಿಳಿ ಬಟ್ಟೆ ಹಾಸಿ, ಸೂರಿನ ಸಂದುಗಳಿಗೆ ಹೊರಗಿನಿಂದ ಮೊದಲು ಸಿಂಪಡಿಸಿ, ಆಮೇಲೆ ಒಳಗೆ. ಸೂರಿನ ಸಂದು ಮರೆತರೆ ಸೊಳ್ಳೆ ಅಲ್ಲಿಂದಲೇ ಪಾರಾಗುತ್ತದೆ. ಬಾಗಿಲು ಮುಚ್ಚಿ 10 ನಿಮಿಷ ಕಾದು, ಬಟ್ಟೆಯ ನಾಲ್ಕು ಮೂಲೆ ಎತ್ತಿ ಹೊರಗೆ ಬೆಳಕಿಗೆ ತಂದು ಬಿದ್ದ ಸೊಳ್ಳೆಗಳನ್ನು ಹೆಕ್ಕಿ. ಇದು ತರಬೇತಿ ಪಡೆದವರ ಕೆಲಸ. ಉಬ್ಬಸ ಇರುವವರ ಮನೆಯಲ್ಲಿ ಮಾಡಲೇಬೇಡಿ. ಕೈಯಿಂದ ಹಿಡಿದ ಅಂಕಿಯನ್ನೂ ಇದರ ಅಂಕಿಯನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ.

ನೀರಿನ ಪಾತ್ರೆಗಳು

ನೀರು ನಿಂತಿರುವ ಪ್ರತಿ ಪಾತ್ರೆಯನ್ನೂ ನೋಡಿ, ಲಾರ್ವಾ (ನೀರಿನಲ್ಲಿ ಬೆಳೆಯುವ ಸೊಳ್ಳೆಮರಿ) ಇದ್ದರೂ ಇಲ್ಲದಿದ್ದರೂ ಎಣಿಸಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಹತ್ತಿರ ಹೋಗಿ. ನೆರಳು ಬಿದ್ದರೆ ಲಾರ್ವಾಗಳು ತಳಕ್ಕೆ ಇಳಿಯುತ್ತವೆ, ಮತ್ತೆ ಮೇಲೆ ಬರಲು ಎರಡು ಮೂರು ನಿಮಿಷ ಕಾಯಬೇಕಾಗುತ್ತದೆ. 350 ಮಿಲಿಲೀಟರಿನ ಬಿಳಿ ಸೌಟನ್ನು ಓರೆಯಾಗಿ ಅಂಚಿನಲ್ಲಿ ಮುಳುಗಿಸಿ ಎತ್ತಿ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡ ಮಲಗಿದ್ದರೆ ಅನಾಫಿಲಿಸ್; ತಲೆಕೆಳಗಾಗಿ ಜೋತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಈಡಿಸ್, ಕ್ಯೂಲೆಕ್ಸ್‌ನ ಉಸಿರುಕೊಳವೆ ಉದ್ದ, ಈಡಿಸ್‌ನದು ಗಿಡ್ಡ. ಕುಡಿಯುವ ನೀರಿನ ತೊಟ್ಟಿಯಲ್ಲಿ ಅಡ್ಡ ಮಲಗಿದ ಲಾರ್ವಾ ಕಂಡರೆ ಅಲ್ಲೇ ನಿಂತು ಸರಿಯಾಗಿ ನೋಡಿ, ಸ್ಟೀಫೆನ್ಸಿ ಇರಬಹುದು. ಈಡಿಸ್ ಮಾತ್ರ ಹುಡುಕಲು ಹೊರಟವರು ‘ಇದು ನಮಗೆ ಸಂಬಂಧವಿಲ್ಲ’ ಎಂದು ಚೆಲ್ಲಿಬಿಡುವುದು ಇಂಥ ಕಡೆಯೇ.

ಮೂರು ಸೂಚ್ಯಂಕ ಬರೆಯುತ್ತಾರೆ. 30 ಮನೆ ನೋಡಿ 6 ಮನೆಯಲ್ಲಿ ಲಾರ್ವಾ ಸಿಕ್ಕರೆ ಮನೆ ಸೂಚ್ಯಂಕ 20. ನೀರಿದ್ದ 96 ಪಾತ್ರೆಗಳಲ್ಲಿ 9ರಲ್ಲಿ ಇದ್ದರೆ ಪಾತ್ರೆ ಸೂಚ್ಯಂಕ 9.4. ನೂರು ಮನೆಗೆ ಎಷ್ಟು ಲಾರ್ವಾ ಪಾತ್ರೆ ಎಂಬ ಬ್ರೆಟೊ ಸೂಚ್ಯಂಕ ಇಲ್ಲಿ 30. ಮುಂದಿನ ವರ್ಷ ಅದೇ 6 ಮನೆಯಲ್ಲಿ 15 ಪಾತ್ರೆ ಸಿಕ್ಕರೆ ಮನೆ ಸೂಚ್ಯಂಕ ಕದಲುವುದಿಲ್ಲ, ಬ್ರೆಟೊ 50ಕ್ಕೆ ಏರುತ್ತದೆ. ಆದ್ದರಿಂದ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಮೂರಕ್ಕೂ ಒಂದು ಕೊರತೆಯಿದೆ: ಐದು ಲಾರ್ವಾ ಇರುವ ತೆಂಗಿನ ಚಿಪ್ಪಿಗೂ ನೂರಾರು ಇರುವ ಡ್ರಮ್ಮಿಗೂ ಇವು ಒಂದೇ ಬೆಲೆ ಕೊಡುತ್ತವೆ. ಅದಕ್ಕೇ ಪ್ಯೂಪಾಗಳನ್ನು, ಅಂದರೆ ಅಲ್ಪವಿರಾಮದಂತೆ ಬಾಗಿದ, ತಲೆದಪ್ಪ ಹುಳುಗಳನ್ನು, ಪ್ರತ್ಯೇಕವಾಗಿ ಎಣಿಸಿ. ಪ್ಯೂಪಾ ಸುಮಾರು ಎರಡೇ ದಿನದಲ್ಲಿ ಸೊಳ್ಳೆಯಾಗುತ್ತದೆ, ಹಾಗಾಗಿ ಆ ಸಂಖ್ಯೆ ನಿಜವಾದ ಉತ್ಪತ್ತಿಗೆ ಹತ್ತಿರ. ಹೆಚ್ಚಿನ ಪ್ಯೂಪಾ ಒಂದೆರಡು ಬಗೆಯ ಪಾತ್ರೆಗಳಿಂದಲೇ ಬರುವುದುಂಟು. ಆ ಬಗೆ ಯಾವುದೆಂದು ಗೊತ್ತಾದರೆ ಶ್ರಮ ಎಲ್ಲಿ ಹಾಕಬೇಕೆಂಬುದೂ ಗೊತ್ತಾಗುತ್ತದೆ. ಹತ್ತು ಪ್ಯೂಪಾಗಳನ್ನು ಅದೇ ನೀರಿನ ಲೋಟದಲ್ಲಿ ಬಲೆ ಕಟ್ಟಿ ಇಟ್ಟು, ಹೊರಬಂದ ಸೊಳ್ಳೆಯಿಂದ ಜಾತಿ ಗುರುತಿಸಿ.

ತೊಟ್ಟಿ ಬರಿದು ಮಾಡಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಈಡಿಸ್ ಮೊಟ್ಟೆ ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ. ಆಲ್ಬೊಪಿಕ್ಟಸ್ ಹಳೆಯ ಟೈರುಗಳ ಸಾಗಣೆಯಲ್ಲಿ ಖಂಡ ದಾಟಿದ್ದು (1985ರಲ್ಲಿ ಅಮೆರಿಕದ ಹ್ಯೂಸ್ಟನ್, 1990ರಲ್ಲಿ ಇಟಲಿ) ಈ ಗುಣದಿಂದಲೇ.

ಮರಳುನೊಣ

ಕಾಳಾ ಅಜಾರ್ ಎಂಬ ಜ್ವರ ಹರಡುವ ಮರಳುನೊಣ 2–3 ಮಿಲಿಮೀಟರಿನ, ರೋಮ ತುಂಬಿದ ಸಣ್ಣ ಕೀಟ. ಕೂತಾಗ ರೆಕ್ಕೆಗಳು ಮೇಲಕ್ಕೆ ಕವೆಯಂತೆ ನಿಲ್ಲುತ್ತವೆ, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಸಾಮಾನ್ಯ ಸೊಳ್ಳೆಪರದೆಯ ಕಣ್ಣುಗಳಲ್ಲಿ ನುಸುಳುತ್ತದೆ. ಬೆಳಕಿನ ಬೋನಿನ (ದೀಪಕ್ಕೆ ಬಂದ ಕೀಟವನ್ನು ಫ್ಯಾನಿನಿಂದ ಚೀಲಕ್ಕೆ ಎಳೆದುಕೊಳ್ಳುವ ಸಾಧನ) ಚೀಲಕ್ಕೂ ಅದೇ ಸಮಸ್ಯೆ: ಸೊಳ್ಳೆಗೆಂದು ಹೊಲಿದ ಚೀಲ ಬಳಸಿ ‘ಇಲ್ಲಿ ಮರಳುನೊಣ ಇಲ್ಲ’ ಎಂದು ಬರೆಯುವುದು ಸಾಮಾನ್ಯವಾದ ತಪ್ಪು. ನವುರಾದ ಬಲೆಯ ಚೀಲವೇ ಬೇಕು.

ಬೋನನ್ನು ಸಂಜೆ 6ಕ್ಕೆ ಹಚ್ಚಿ ಬೆಳಿಗ್ಗೆ 6ಕ್ಕೆ ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ ಎಂದು ಮೊದಲ ದಿನ ಅಳೆದು ಬರೆದು, ಮತ್ತೆಂದೂ ಬದಲಿಸಬೇಡಿ; ಮರಳುನೊಣ ನೆಲಕ್ಕೆ ಹತ್ತಿರ ಓಡಾಡುವುದರಿಂದ ಬೋನು ತಗ್ಗಿನಲ್ಲಿರಲಿ. ಬೆಳಿಗ್ಗೆ ಮೊದಲು ಚೀಲದ ಕುತ್ತಿಗೆ ಕಟ್ಟಿ, ಆಮೇಲೆ ಫ್ಯಾನ್ ನಿಲ್ಲಿಸಿ. ಅದಲು ಬದಲಾದರೆ ಹಿಡಿದದ್ದೆಲ್ಲ ಹಾರಿಹೋಗುತ್ತದೆ. ಬ್ಯಾಟರಿ ನಡುರಾತ್ರಿ ಸೋತಿದ್ದರೂ ಅದೇ ಪಾಡು, ಆ ರಾತ್ರಿಯ ಅಂಕಿಯನ್ನು ‘ಕೆಟ್ಟಿತು’ ಎಂದು ಗುರುತಿಸಿ ಬಿಟ್ಟುಬಿಡಿ. ವಿದ್ಯುತ್ತಿಲ್ಲದ ಕಡೆ ಎ4 ಕಾಗದದ ಎರಡೂ ಬದಿಗೆ ಹರಳೆಣ್ಣೆ ಬಳಿದು ಗೋಡೆಯ ಬಿರುಕು, ಇಲಿಬಿಲ, ಕೊಟ್ಟಿಗೆಯ ಮೂಲೆಗಳ ಬಳಿ ರಾತ್ರಿಯಿಡೀ ಇಡಿ. ಅಂಟಿದ್ದನ್ನು ಸಣ್ಣ ಕುಂಚದಿಂದ ಎತ್ತಿ 70 ಶೇಕಡಾ ಆಲ್ಕೋಹಾಲಿಗೆ ಹಾಕಿ. ಲೆಕ್ಕ ‘ಒಂದು ಕಾಗದಕ್ಕೆ ಒಂದು ರಾತ್ರಿಗೆ ಎಷ್ಟು’ ಎಂದು. ಹಸಿಮಣ್ಣು, ಸಗಣಿ ಬೆರೆತ ಬಿರುಕುಗಳಲ್ಲಿ ಇದು ಮರಿ ಮಾಡುವುದರಿಂದ, ಹೊಸ ಮಣ್ಣುಗೋಡೆ ಎದ್ದರೆ, ಕೊಟ್ಟಿಗೆ ಜಾಗ ಬದಲಾದರೆ ಅದನ್ನೂ ಬರೆದಿಡಿ.

ಚುಂಬನ ತಿಗಣೆ

ಚಾಗಾಸ್ ರೋಗ ಹರಡುವ ಟ್ರಯಾಟೊಮಿನೇ ಗುಂಪಿನ ಈ ದೊಡ್ಡ ತಿಗಣೆಗಳ ಸಮಸ್ಯೆ ಮುಖ್ಯವಾಗಿ ಲ್ಯಾಟಿನ್ ಅಮೆರಿಕದ್ದು. ಅಲ್ಲಿನ ಅನುಭವ ಎಲ್ಲರಿಗೂ ಪಾಠ. 1991ರಿಂದ ದಕ್ಷಿಣ ಅಮೆರಿಕದ ದಕ್ಷಿಣ ಭಾಗದ ದೇಶಗಳು ಒಟ್ಟಾಗಿ ಮನೆಮನೆಗೆ ಔಷಧ ಹೊಡೆದು ಟ್ರಯಾಟೊಮಾ ಇನ್‌ಫೆಸ್ಟಾನ್ಸ್ ಎಂಬ ಜಾತಿಯನ್ನು ಬಹುಪಾಲು ಹಿಮ್ಮೆಟ್ಟಿಸಿದವು. ಆದರೆ ಬಯಲಿನಲ್ಲಿ, ಕೋಳಿಗೂಡಿನಲ್ಲಿ ಇದ್ದ ಬೇರೆ ಜಾತಿಗಳು ಮನೆಯತ್ತ ಬರುವುದು ನಿಲ್ಲಲಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸಿಕ್ಕದ್ದು ರೆಕ್ಕೆ ಬಂದ ದೊಡ್ಡದೋ, ರೆಕ್ಕೆಯಿಲ್ಲದ ಮರಿಯೋ? ದೊಡ್ಡದೊಂದೇ ಸಿಕ್ಕರೆ ದೀಪಕ್ಕೆ ಹಾರಿಬಂದಿರಬಹುದು. ಮರಿ, ಮೊಟ್ಟೆ, ಕಳಚಿದ ಪೊರೆ ಸಿಕ್ಕರೆ ಮನೆಯಲ್ಲೇ ಸಂಸಾರ ಹೂಡಿದೆ. ಇಬ್ಬರು ತಲಾ 30 ನಿಮಿಷ, ಮಂಚದ ಸಂದು, ಗೋಡೆಯ ಚಿತ್ರಗಳ ಹಿಂದೆ, ಬಿರುಕು, ಸೂರು, ಕೋಳಿಗೂಡು ಹುಡುಕಿ. ಗೋಡೆಯ ಮೇಲೆ ಬಿಳಿ-ಕಪ್ಪು ಹಿಕ್ಕೆಯ ಗೆರೆಗಳಿದ್ದರೆ ಅಲ್ಲಿ ನಿಧಾನಿಸಿ. ಚಿಮಟ, ಕೈಗವಸು ಇಲ್ಲದೆ ಮುಟ್ಟಬೇಡಿ, ರೋಗಾಣು ಇರುವುದು ಹಿಕ್ಕೆಯಲ್ಲಿ.

ಹಿಡಿದದ್ದನ್ನು ಕಾಪಿಡುವುದು

ಸೊಳ್ಳೆಯನ್ನು ಆಲ್ಕೋಹಾಲಿಗೆ ಹಾಕಬೇಡಿ. ಹುರುಪೆ ಉದುರಿ, ಪಟ್ಟಿ-ಚುಕ್ಕೆ ಮಾಸಿ ಗುರುತು ಸಿಗದಂತಾಗುತ್ತದೆ. ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ಕೊಂದು, 1.5 ಮಿಲಿಲೀಟರಿನ ಮುಚ್ಚಳದ ನಳಿಗೆಯಲ್ಲಿ ತಳಕ್ಕೆ ತೇವ ಹೀರುವ ಸಿಲಿಕಾ ಜೆಲ್, ಮೇಲೆ ತೆಳು ಹತ್ತಿ, ಅದರ ಮೇಲೆ ಒಂದೇ ಸೊಳ್ಳೆ ಇಡಿ. ಜೆಲ್ ಬಣ್ಣ ಬದಲಿಸಿದರೆ ತೇವ ಹಿಡಿದಿದೆ ಎಂದರ್ಥ, ಬೂಸ್ಟು ಬರುವ ಮುಂಚೆ ಬದಲಿಸಿ. ಚೀಟಿ ಪೆನ್ಸಿಲಿನಲ್ಲೇ ಬರೆಯಿರಿ: ಮನೆ ಸಂಖ್ಯೆ, ಕೋಣೆ, ದಿನಾಂಕ, ಗಂಟೆ, ಹಿಡಿದ ವಿಧಾನ, ಹಿಡಿದವರ ಹೆಸರು. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ, ಚೀಟಿಯಿಲ್ಲದ ಕೀಟ ಕಸಕ್ಕೆ ಸಮ.

ಅಂಕಿಗಳನ್ನು ಓದುವುದು

ಪ್ರತಿ ಭೇಟಿಯ ಹಾಳೆಯ ಹಿಂಬದಿಯಲ್ಲಿ ಇವಿಷ್ಟು ಇರಲಿ: ರಾತ್ರಿ ಎಷ್ಟು ಜನ ಮಲಗಿದ್ದರು, ಪರದೆ ಕಟ್ಟಿದ್ದರೇ, ದನ ಎಲ್ಲಿ ಕಟ್ಟಿತ್ತು, ಹೊಗೆ ಹಾಕಿದ್ದರೇ, ಗೋಡೆಗೆ ಕೊನೆಯ ಬಾರಿ ಔಷಧ ಹೊಡೆದದ್ದು ಯಾವಾಗ, ಸೂರು ಹುಲ್ಲೋ ತಗಡೋ, ಹೋದ ವಾರ ಮಳೆ ಬಂತೇ. ಹುಲ್ಲು ತೆಗೆದು ತಗಡು ಹೊದಿಸಿದರೆ ಹಗಲಿನ ಸೆಕೆಗೆ ಸೊಳ್ಳೆ ಒಳಗೆ ಕೂರುವುದು ಕಡಿಮೆಯಾಗಬಹುದು. ಆ ಇಳಿಕೆಯನ್ನು ಪರದೆಯ ಲೆಕ್ಕಕ್ಕೆ ಬರೆದರೆ ಮುಂದಿನ ವರ್ಷದ ಯೋಜನೆಯೇ ತಪ್ಪು ದಾರಿ ಹಿಡಿಯುತ್ತದೆ.

ಜೂನ್ ತಿಂಗಳನ್ನು ಜೂನ್ ಜೊತೆಗೇ ಹೋಲಿಸಿ, ಮಾರ್ಚ್ ಜೊತೆಗಲ್ಲ. ಎರಡು ಪೂರ್ತಿ ವರ್ಷದ ಅಂಕಿ ಇಲ್ಲದೆ ಏರಿಳಿತದ ಬಗ್ಗೆ ಗಟ್ಟಿಯಾಗಿ ಮಾತಾಡಬೇಡಿ. ಹುಡುಕುವವರು ಬದಲಾದರೆ ಹಳಬರೂ ಹೊಸಬರೂ ಕನಿಷ್ಠ ಒಂದು ತಿಂಗಳು ಅದೇ ಮನೆಗಳಲ್ಲಿ ಜೊತೆಯಾಗಿ, ಬೇರೆಬೇರೆ ಎಣಿಸಲಿ. ಚುರುಕು ಕಣ್ಣಿನ ಹುಡುಗಿಯೊಬ್ಬಳು ಸೇರಿದ ತಿಂಗಳೇ ‘ಸೊಳ್ಳೆ ಹಾವಳಿ’ ಶುರುವಾದಂತೆ ಕಾಣಬಹುದು.

ಪರದೆ, ಸಿಂಪಡಣೆ ಎಲ್ಲ ಸರಿಯಿದ್ದೂ ಒಳಗಿನ ಸಂಖ್ಯೆ ಇಳಿಯದಿದ್ದರೆ ಕೀಟನಾಶಕಕ್ಕೆ ನಿರೋಧ ಬಂದಿರಬಹುದು. ಅದನ್ನು ಪ್ರಯೋಗಾಲಯ ಹೇಳಬೇಕು: 3–5 ದಿನ ವಯಸ್ಸಿನ ಹೆಣ್ಣುಗಳನ್ನು ಔಷಧ ಲೇಪಿಸಿದ ಕಾಗದದ ನಳಿಗೆಯಲ್ಲಿ ಒಂದು ಗಂಟೆ ಬಿಟ್ಟು, 24 ಗಂಟೆಯ ನಂತರ ಎಣಿಸುತ್ತಾರೆ. 98 ಶೇಕಡಾ ಅಥವಾ ಹೆಚ್ಚು ಸತ್ತರೆ ಔಷಧ ಕೆಲಸ ಮಾಡುತ್ತಿದೆ, 90ಕ್ಕಿಂತ ಕಡಿಮೆಯಾದರೆ ನಿರೋಧ ಖಚಿತ, ನಡುವೆ ಬಂದರೆ ಮತ್ತೆ ಪರೀಕ್ಷಿಸಬೇಕು.

ಹಿಂದೆಂದೂ ಕಾಣದ ಜಾತಿ ಸಿಕ್ಕಿತೆಂದರೆ ಆ ದಿನವೇ ಇಡೀ ಊರಿಗೆ ಔಷಧ ಹೊಡೆಸಲು ಓಡಬೇಡಿ, ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಒಂದು ಮಾದರಿಯನ್ನು ನಿಮ್ಮಲ್ಲೇ ಉಳಿಸಿಕೊಂಡು ಇನ್ನೊಂದನ್ನು ಗುರುತು ಖಚಿತಪಡಿಸುವ ಪ್ರಯೋಗಾಲಯಕ್ಕೂ, ಸುದ್ದಿಯನ್ನು ಅದೇ ದಿನ ಆರೋಗ್ಯ ಇಲಾಖೆಗೂ ಕಳಿಸಿ. ಒಂದೇ ಸಿಕ್ಕಿದ್ದರೆ ಅದರ ಒಂದು ಕಾಲನ್ನು ಬೇರೆ ನಳಿಗೆಯಲ್ಲಿ ತೆಗೆದಿಡಿ, ಡಿಎನ್‌ಎ ಪರೀಕ್ಷೆಗೆ ಅಷ್ಟೇ ಸಾಕಾಗುತ್ತದೆ. ಎರಡು ವಾರದೊಳಗೆ ಆ ಮನೆಯ ಸುತ್ತ 100 ಮೀಟರಿನ ಪ್ರತಿ ಮನೆಯನ್ನೂ ಅದೇ ವಿಧಾನದಲ್ಲಿ ಹುಡುಕಿ, ನೀರಿನ ಪಾತ್ರೆಗಳನ್ನು ಮೊದಲು. ಲಾರ್ವಾ ಅಥವಾ ಮರಿ ಸಿಕ್ಕಿದರೆ ನೆಲೆಯೂರಿದೆ. ಸಿಗದಿದ್ದರೆ ಸೊನ್ನೆ ಬರೆದು, ಮುಂದಿನ ಮೂರು ತಿಂಗಳು ಆ ಮನೆಗಳನ್ನು ಸ್ಥಿರ ಪಟ್ಟಿಗೆ ಸೇರಿಸಿಕೊಳ್ಳಿ.